ನಮ್ಮ ಹೊಸ್ತಿಲಿನೊಳಗಿನ ಹೊಣೆ

ಸಂಘದ ಪತ್ರಿಕೆಯ ಸಂಪಾದಕೀಯವೆಂದರೆ ಭಾಷೆ, ಗಡಿ, ಸಮ್ಮೇಳನ, ರಾಜ್ಯೋತ್ಸವ ಈ ನಾಲ್ಕರ ನಡುವೆಯೇ ಸುತ್ತುವುದು ವಾಡಿಕೆ. ಈ ಸಂಚಿಕೆಯಲ್ಲಿ ನಾನು ಬರೆಯಹೊರಟಿರುವುದು ಕಟ್ಟಡ ಕಟ್ಟುವ, ದುರಸ್ತಿ ಮಾಡುವ ಕೂಲಿಕಾರರು ವಿದ್ಯುತ್ತಿಗೆ ಬಲಿಯಾಗುತ್ತಿರುವ ವಿಷಯ. ಸಾಂಸ್ಕೃತಿಕ ಪತ್ರಿಕೆಗೂ ಕರೆಂಟಿನ ತಂತಿಗೂ ಏನು ಸಂಬಂಧವೆಂದು ಓದುಗ ಬಂಧುಗಳು ಹುಬ್ಬೇರಿಸಬಹುದು. ಸಂಬಂಧವಿದೆಯೆಂದು ನನಗೆ ಮನವರಿಕೆಯಾದದ್ದು ನಾಸಿಕದ ನನ್ನದೇ ಮನೆಯ ಬಚ್ಚಲಿನಲ್ಲಿ.

ಗೋದಾವರಿಯ ತಟದಲ್ಲಿ ನೆಲೆಸಿರುವ ನಮಗೆ ಒಂದು ಹೆಮ್ಮೆಯ ಮಾತು ಬಾಯಿಪಾಠವಾಗಿದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಗುರುತಿಸಿತು, ಅದಕ್ಕೂ ಮುನ್ನ, ಎಂಟನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದಲ್ಲಿ ಎಲ್ಲೋರದ ಕೈಲಾಸ ದೇಗುಲವನ್ನು ಬಂಡೆಯ ನೆತ್ತಿಯಿಂದ ಬುಡದವರೆಗೆ ಕೊರೆದು ನಿಲ್ಲಿಸಲಾಯಿತು. ಪ್ರತಿ ನವೆಂಬರಿನಲ್ಲಿ ನಮ್ಮ ವೇದಿಕೆಗಳಿಂದ ಈ ಮಾತು ಹೇಳಿ ಚಪ್ಪಾಳೆ ಗಿಟ್ಟಿಸುತ್ತೇವೆ, ನಾನೂ ಗಿಟ್ಟಿಸಿದ್ದೇನೆ. ಆದರೆ ಆ ಬಂಡೆಯನ್ನು ಕೊರೆದ ಕೈಗಳ ಹೆಸರು ನಮಗೆ ತಿಳಿಯದು. ಇಂದು ನಾಸಿಕದ ಕೂಲಿ ನಾಕಾಗಳಲ್ಲಿ ಮುಂಜಾನೆ ನಿಂತು ಕಿವಿಗೊಟ್ಟರೆ ಮರಾಠಿ, ಅಹಿರಾಣಿ, ಹಿಂದಿಗಳ ನಡುವೆ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯ ಕನ್ನಡವೂ, ತಾಂಡಾದವರ ಲಂಬಾಣಿಯೂ ಕೇಳುತ್ತದೆ. ಇವರ ಹೆಸರೂ ನಮಗೆ ತಿಳಿಯದು. ಸಂಘದ ಸದಸ್ಯತ್ವ ಪಟ್ಟಿಯಲ್ಲಿ ಇವರಿಲ್ಲ. ನಾವು ಹೊರನಾಡ ಕನ್ನಡಿಗರು; ಇವರೂ ಹೊರನಾಡ ಕನ್ನಡಿಗರೇ. ನಾವು ವರ್ಗಾವಣೆಯ ಆದೇಶ ಹಿಡಿದು ಬಂದೆವು, ಇವರು ಮಳೆ ಕೈಕೊಟ್ಟ ಹೊಲವನ್ನು ಬಿಟ್ಟು ಬಂದರು.

ಈಗ ನನ್ನ ಮನೆಯ ಪ್ರಸಂಗ. ಸಂಭಾಜಿನಗರದಿಂದ ವರ್ಗವಾಗಿ ನಾಸಿಕಕ್ಕೆ ಬಂದ ಮೇಲೆ, ನಿವೃತ್ತಿಯ ನಂತರದ ನೆಲೆಯೆಂದು ಒಂದು ಹಳೆಯ ಫ್ಲ್ಯಾಟನ್ನು ಕೊಂಡೆ. ಅಡಿಗೆಮನೆ, ಬಚ್ಚಲುಗಳ ನೆಲ ಕಿತ್ತು ಹೊಸ ಟೈಲ್ಸ್ ಹಾಕಿಸುವ ಕೆಲಸ ಆರಂಭವಾಯಿತು. ಗುತ್ತಿಗೆದಾರ ಕಳಿಸಿದ ಗವಂಡಿ ಸಿಂದಗಿ ತಾಲೂಕಿನವನು; ಜೊತೆಗೆ ಇಪ್ಪತ್ತರ ಆಸುಪಾಸಿನ ಅವನ ಭಾವಮೈದುನ. ಮನೆಯಲ್ಲಿ ಕನ್ನಡ ಕೇಳಿ ನನ್ನ ಪತ್ನಿಗೆ ಸಂತೋಷವೋ ಸಂತೋಷ. ಇಬ್ಬರಿಗೂ ದಿನವೂ ಜೋಳದ ರೊಟ್ಟಿ, ಚಹ. ಎರಡನೆಯ ದಿನ ಗವಂಡಿ ಬಂದು, “ಸಾಹೇಬ್ರ, ನಿಮ್ಮ ಮನಿ ಡಬ್ಬಿ ಪದೇ ಪದೇ ಬೀಳ್ತದ್ರಿ, ಕೆಲಸ ಮುಂದ ಹೋಗವಲ್ದು” ಎಂದ. ಅವನು ‘ಡಬ್ಬಿ’ ಎಂದದ್ದು ಮೇನ್ ಸ್ವಿಚ್ಚಿನ ಪಕ್ಕದಲ್ಲಿರುವ ಇ.ಎಲ್.ಸಿ.ಬಿ. ಎಂಬ ಉಪಕರಣವನ್ನು. ಗುತ್ತಿಗೆದಾರ ಒಬ್ಬ ವೈರ್‌ಮನ್‌ನನ್ನು ಕರೆತಂದ. ಅವನು, “ಹಳೆಯ ವಸ್ತು ಸಾಹೇಬರೆ, ಸುಮ್ಮನೆ ಬೀಳುತ್ತದೆ, ತಾತ್ಕಾಲಿಕವಾಗಿ ಬೈಪಾಸ್ ಮಾಡಿಬಿಡುತ್ತೇನೆ” ಎಂದು ನನ್ನ ಮುಖ ನೋಡಿದ. ನನಗೆ ಕಚೇರಿಗೆ ಹೊತ್ತಾಗುತ್ತಿತ್ತು. “ಆಗಲಿ” ಎಂದೆ.

ಮರುದಿನ ರಜೆಯಿದ್ದುದರಿಂದ ಮನೆಯಲ್ಲೇ ಇದ್ದೆ. ಹುಡುಗ ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ಕುಳಿತು, ನೀರು ಸುರಿಸುತ್ತ ಮಾರ್ಬಲ್ ಕಟರಿನಿಂದ ಟೈಲ್ಸ್ ಕೊಯ್ಯುತ್ತಿದ್ದ. ಕಟರಿನ ತಂತಿಗೆ ಪ್ಲಗ್ ಇರಲಿಲ್ಲ. ಎರಡು ಬರಿ ತುದಿಗಳನ್ನು ಸಾಕೆಟ್ಟಿನ ತೂತಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸಲಾಗಿತ್ತು. ತಂತಿಯ ನಡುವೆ ಟೇಪು ಸುತ್ತಿದ ಜೋಡಣೆಯೊಂದು ನೀರಿನಲ್ಲಿ ಬಿದ್ದಿತ್ತು. ಯಂತ್ರದ ಸದ್ದು ಬದಲಾಯಿತು. ಹುಡುಗನ ಬಾಯಿಂದ ಸೊಲ್ಲು ಹೊರಡಲಿಲ್ಲ. ಯಂತ್ರವನ್ನು ಎದೆಗವುಚಿಕೊಂಡಂತೆ ಸೆಟೆದು ಕುಳಿತಿದ್ದ. ಗವಂಡಿ ಕೂಗಿಕೊಂಡು ಓಡಿಹೋಗಿ ಮೇನ್ ಸ್ವಿಚ್ ಇಳಿಸಿದ. ಆ ಕೆಲವು ಕ್ಷಣ ನಾನು ಬಾಗಿಲಲ್ಲಿ ನಿಂತೇ ಇದ್ದೆ. ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಹುಡುಗ ಬದುಕಿದ. ಅಂಗೈ ಸುಟ್ಟಿತ್ತು, ಒಂದು ರಾತ್ರಿ ಆಸ್ಪತ್ರೆಯಲ್ಲಿರಬೇಕಾಯಿತು. ಹಾಸಿಗೆಯ ಪಕ್ಕ ಕುಳಿತಿದ್ದ ನನ್ನನ್ನು ಅವನು ಮೊದಲು ಕೇಳಿದ ಪ್ರಶ್ನೆ: “ಸಾಹೇಬ್ರ, ಇವತ್ತಿನ ಹಾಜರಿ ಹಾಕ್ತಾರೋ, ಇಲ್ರೋ?”

ಮತ್ತೊಬ್ಬ ಅನುಭವಸ್ಥ ವೈರ್‌ಮನ್ ಬಂದು ನೋಡಿ ಹೇಳಿದ್ದು ಇಷ್ಟು: ಉಪಕರಣ ಕೆಟ್ಟಿರಲಿಲ್ಲ. ಕಟರಿನೊಳಕ್ಕೆ ನೀರು ಹೋಗಿ ವಿದ್ಯುತ್ ಸೋರುತ್ತಿತ್ತು. ಸೋರಿದಾಗಲೆಲ್ಲ ಅದು ಬೀಳುತ್ತಿತ್ತು, ಅಂದರೆ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ಎರಡು ದಿನ ಅದು ಕೊಟ್ಟ ಎಚ್ಚರಿಕೆಯನ್ನು ಒಂದು ಮಾತಿನಲ್ಲಿ ತಳ್ಳಿಹಾಕಿದವನು ನಾನು. ಮೂವತ್ತು ವರ್ಷ ಲೆಕ್ಕಪತ್ರ ವಿಭಾಗದಲ್ಲಿದ್ದು, ಒಂದು ರೂಪಾಯಿಯ ವ್ಯತ್ಯಾಸಕ್ಕೂ ಕಡತ ಹಿಂದಿರುಗಿಸುವ ಅಧಿಕಾರಿಯೆಂದು ಹೆಸರು ಪಡೆದವನು.

ಆ ಲೆಕ್ಕದ ಭಾಷೆಯಲ್ಲಿಯೇ ಈ ಉಪಕರಣದ ಕೆಲಸವನ್ನು ವಿವರಿಸಬಹುದು. ಲೈನ್ ತಂತಿಯಲ್ಲಿ ಮನೆಯೊಳಕ್ಕೆ ಹೋದ ವಿದ್ಯುತ್ ಪ್ರವಾಹವೆಲ್ಲ ನ್ಯೂಟ್ರಲ್ ತಂತಿಯಲ್ಲಿ ಹಿಂದಿರುಗಬೇಕು. ಈಗ ಆರ್.ಸಿ.ಸಿ.ಬಿ. ಎಂಬ ಹೆಸರಿನಲ್ಲಿ ಮಾರಾಟವಾಗುವ ಈ ಸಾಧನ ಹೋದದ್ದಕ್ಕೂ ಬಂದದ್ದಕ್ಕೂ ಸದಾ ತಾಳೆ ನೋಡುತ್ತಿರುತ್ತದೆ. ವ್ಯತ್ಯಾಸ ಕಂಡರೆ, ಆ ಕೊರತೆ ಎಲ್ಲಿಯೋ ನೆಲಕ್ಕೆ ಸೋರುತ್ತಿದೆ, ಬಹುಶಃ ಒಬ್ಬ ಮನುಷ್ಯನ ಮೈಯ ಮೂಲಕ ಸೋರುತ್ತಿದೆ ಎಂದರ್ಥ. ಜೀವರಕ್ಷಣೆಗೆಂದು ಬಳಸುವ ಸಾಧನದಲ್ಲಿ ಈ ವ್ಯತ್ಯಾಸದ ಮಿತಿ 30 ಮಿಲಿ ಆಂಪಿಯರ್. ಅದು ದಾಟಿದೊಡನೆ ಸೆಕೆಂಡಿನ ಮೂರನೆಯ ಒಂದು ಭಾಗಕ್ಕೂ ಕಡಿಮೆ ಅವಧಿಯಲ್ಲಿ ಸರಬರಾಜು ಕಡಿಯುತ್ತದೆ.

ಮೂವತ್ತೇ ಏಕೆ? ಒಂದು ಮಿಲಿ ಆಂಪಿಯರ್ ಹರಿದರೆ ಮೈ ಜುಮ್ಮೆನ್ನುತ್ತದೆ. ಹತ್ತರ ಸುಮಾರಿಗೆ ಸ್ನಾಯುಗಳು ಬಿಗಿದುಕೊಂಡು, ಹಿಡಿದ ವಸ್ತುವನ್ನು ಬಿಡಲಾಗುವುದಿಲ್ಲ. ಹುಡುಗ ಕಟರನ್ನು ಬಿಸಾಡದೆ ಅವುಚಿಕೊಂಡದ್ದು ಇದಕ್ಕಾಗಿಯೇ. ಮೂವತ್ತನ್ನು ದಾಟಿದರೆ ಉಸಿರಾಟಕ್ಕೆ ಸಂಚಕಾರ. ಐವತ್ತರಿಂದ ನೂರರ ಆಸುಪಾಸಿನಲ್ಲಿ ಒಂದೆರಡು ಸೆಕೆಂಡು ಹರಿದರೂ ಹೃದಯದ ಲಯ ತಪ್ಪಿ ಸಾವು ಬರಬಹುದು. ನಮ್ಮ ಮನೆಗಳಲ್ಲಿ ಹಿಂದೆ ಉರಿಯುತ್ತಿದ್ದ 40 ವಾಟಿನ ಬಲ್ಬು ಎಳೆಯುತ್ತಿದ್ದದ್ದು ಸುಮಾರು 170 ಮಿಲಿ ಆಂಪಿಯರ್. ಒಂದು ಮಂದ ಬಲ್ಬಿಗೆ ಬೇಕಾಗುವಷ್ಟು ಪ್ರವಾಹದಲ್ಲಿ ಮನುಷ್ಯನನ್ನು ಕೊಲ್ಲುವ ಶಕ್ತಿಯಿದೆ. ಇನ್ನು ನಾವೆಲ್ಲ ನೆಚ್ಚಿಕೊಂಡಿರುವ ಫ್ಯೂಸು ಅಥವಾ ಎಂ.ಸಿ.ಬಿ.ಯ ಮಾತು: 16 ಆಂಪಿಯರಿನ ಎಂ.ಸಿ.ಬಿ. ಎಂದರೆ 16,000 ಮಿಲಿ ಆಂಪಿಯರ್. ಒದ್ದೆ ಮೈಯಿನ ಮೂಲಕ ಹರಿಯುವ ಇನ್ನೂರು ಮುನ್ನೂರು ಮಿಲಿ ಆಂಪಿಯರ್ ಅದರ ಗಮನಕ್ಕೇ ಬಾರದು. ಫ್ಯೂಸು ತಂತಿಯನ್ನು ಬೆಂಕಿಯಿಂದ ಕಾಯುತ್ತದೆ. ಮನುಷ್ಯನನ್ನು ಕಾಯುವುದು ಆ ಇನ್ನೊಂದು ಡಬ್ಬಿ. ಈ ಭೇದ ಸ್ನಾತಕೋತ್ತರ ಪದವೀಧರನಾದ ನನಗೆ ಐವತ್ತು ದಾಟಿದ ಮೇಲೆ ತಿಳಿಯಿತು ಎಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ವಿದ್ಯುತ್ತು ಕನ್ನಡಿಗರಿಗೆ ಹೊಸದಲ್ಲ. 1902ರಲ್ಲಿಯೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಆದರೆ ಬೆಳಕು ಬಂದಷ್ಟು ಬೇಗ ಎಚ್ಚರ ಬರಲಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಗಳ ಪ್ರಕಾರ ಇತ್ತೀಚಿನ ವರ್ಷಗಳಲ್ಲಿ ವಿದ್ಯುದಾಘಾತದಿಂದ ದೇಶದಲ್ಲಿ ಸಾಯುವವರು ವರ್ಷಕ್ಕೆ ಹನ್ನೆರಡು ಸಾವಿರಕ್ಕೂ ಮೇಲೆ. ದಿನಕ್ಕೆ ಮೂವತ್ತಕ್ಕೂ ಹೆಚ್ಚು. ಹೊಲ, ಮನೆ, ಬೀದಿ, ಕಟ್ಟಡ ಎಲ್ಲವೂ ಈ ಲೆಕ್ಕದಲ್ಲಿವೆ. ಬೇರೆ ದೇಶಗಳಲ್ಲಿ ಈ ಪಿಡುಗನ್ನು ಹತೋಟಿಗೆ ತಂದ ಬಗೆ ಗುಟ್ಟಿನದೇನಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪ್ರಾಧ್ಯಾಪಕರಾಗಿದ್ದ ಚಾರ್ಲ್ಸ್ ಡಾಲ್‌ಝೀಲ್, ಮನುಷ್ಯದೇಹ ಎಷ್ಟು ಪ್ರವಾಹವನ್ನು ತಡೆದೀತೆಂಬ ಪ್ರಯೋಗಗಳನ್ನು ನಡೆಸಿ, 1960ರ ದಶಕದಲ್ಲಿ ಇಂಥ ಸೋರಿಕೆ ತಡೆ ಸಾಧನವನ್ನು ರೂಪಿಸಿದರು. ಬ್ರಿಟನ್ನಿನ ಕಟ್ಟಡ ಕೆಲಸದಲ್ಲಿ ಕೈಯಂತ್ರಗಳನ್ನು 110 ವೋಲ್ಟಿನ ವಿಶೇಷ ಟ್ರಾನ್ಸ್‌ಫಾರ್ಮರಿನಿಂದ ನಡೆಸುತ್ತಾರೆ. ಅದರ ನಡುಬಿಂದುವಿಗೆ ಭೂಸಂಪರ್ಕ ಇರುವುದರಿಂದ ಕೆಲಸಗಾರನಿಗೂ ನೆಲಕ್ಕೂ ನಡುವೆ 55 ವೋಲ್ಟಿಗಿಂತ ಹೆಚ್ಚು ಬೀಳದು. ನಮ್ಮ ಬೆಂಕಿಕಡ್ಡಿಯ ಸಾಕೆಟ್ಟಿನಲ್ಲಿ ಇರುವುದು 230 ವೋಲ್ಟ್.

ಹೊಸ ಕಟ್ಟಡಕ್ಕಿಂತ ದುರಸ್ತಿಯ ಮನೆ ಒಂದು ಬಗೆಯಲ್ಲಿ ಹೆಚ್ಚು ಅಪಾಯಕಾರಿ. ಹೊಸ ಕಟ್ಟಡದ ಗೋಡೆಯಲ್ಲಿ ಆರಂಭಕ್ಕೆ ತಂತಿಯೇ ಇರುವುದಿಲ್ಲ. ಹಳೆಯ ಗೋಡೆಯಲ್ಲಿ ಮೂವತ್ತು ವರ್ಷದ ಹಿಂದೆ ಯಾರೋ ಎಳೆದ ತಂತಿ ಎಲ್ಲಿ ತಿರುಗಿದೆಯೆಂದು ಮನೆಯ ಯಜಮಾನನಿಗೂ ತಿಳಿಯದು. ಉಳಿ ಸುತ್ತಿಗೆ ಹಿಡಿದವನಿಗಂತೂ ತಿಳಿಯುವುದೇ ಇಲ್ಲ. ಅರ್ಧ ಮನೆಯಲ್ಲಿ ಸಂಸಾರ ನಡೆದಿರುತ್ತದೆ. ಫ್ರಿಜ್ಜು ನಿಲ್ಲಬಾರದು, ಟಿ.ವಿ. ನಿಲ್ಲಬಾರದು ಎಂದು ನಾವು ಮೇನ್ ಸ್ವಿಚ್ ಇಳಿಸಗೊಡುವುದಿಲ್ಲ. ಒಬ್ಬ ಗೋಡೆ ಕೊರೆಯುತ್ತಿರುವಾಗ ಇನ್ನೊಬ್ಬ ಬಂದು, ದೀಪ ಹತ್ತಲಿಲ್ಲವೆಂದು ಸ್ವಿಚ್ ಮೇಲೆತ್ತುತ್ತಾನೆ. ಎಲ್ಲೆಲ್ಲೂ ನೀರು, ಒದ್ದೆ ಸಿಮೆಂಟು, ಬೆವರು. ಕಾಂಕ್ರೀಟು ಕಲೆಸುವ ಮಿಕ್ಸರು, ವೈಬ್ರೇಟರುಗಳ ಮೈ ಕಬ್ಬಿಣದ್ದು. ಅವುಗಳ ಅರ್ಥಿಂಗ್ ತಂತಿ ಕಡಿದಿದ್ದರೆ ಮುಟ್ಟಿದವನೇ ಅರ್ಥಿಂಗ್ ಆಗುತ್ತಾನೆ.

ಅಪಾಯ ಮನೆಯೊಳಗೆ ಮಾತ್ರವಲ್ಲ, ಮನೆಯ ಪಕ್ಕದಲ್ಲಿಯೂ ಇದೆ. ಈಗ ಛತ್ರಪತಿ ಸಂಭಾಜಿನಗರವೆಂದು 2023ರಿಂದ ಕರೆಯಲ್ಪಡುವ ಊರು ಇನ್ನೂ ಔರಂಗಾಬಾದ್ ಆಗಿದ್ದಾಗ ನಾನಲ್ಲಿ ಸೇವೆಯಲ್ಲಿದ್ದೆ. ಒಂದು ಮಳೆಗಾಲದ ಕೊನೆಯಲ್ಲಿ, ಆಳಂದದ ಕಡೆಯ ತಾಂಡಾದಿಂದ ಬಂದಿದ್ದ ಒಬ್ಬ ಪೇಂಟರ್ ಎರಡನೆಯ ಮಹಡಿಯ ಗೋಡೆಗೆ ಬಣ್ಣ ಬಳಿಯುತ್ತಿದ್ದ. ರೋಲರನ್ನು ಉದ್ದನೆಯ ಕಬ್ಬಿಣದ ಕೊಳವೆಗೆ ಕಟ್ಟಿಕೊಂಡಿದ್ದ. ಮುಂದಕ್ಕೆ ಚಾಚಿ ಕಟ್ಟಿದ ಬಾಲ್ಕನಿಯಿಂದ ಗಜದಷ್ಟೇ ದೂರದಲ್ಲಿ 11 ಕಿಲೊವೋಲ್ಟಿನ ತಂತಿ ಹಾಯ್ದಿತ್ತು. ಕೊಳವೆ ತಿರುಗಿತು, ಅಷ್ಟೇ. ಮನೆಯ ಯಜಮಾನರು ಸಜ್ಜನರು, ಕಣ್ಣೀರು ಹಾಕಿದರು, ಆದರೆ ಹೊಣೆ ಗುತ್ತಿಗೆದಾರನದು ಎಂದರು. ಗುತ್ತಿಗೆದಾರ ತನ್ನ ಕೆಳಗಿನ ಉಪಗುತ್ತಿಗೆಯವನತ್ತ ಬೆರಳು ಮಾಡಿದ. ವಿದ್ಯುತ್ ಕಚೇರಿಯವರು, ತಂತಿ ಮೊದಲೇ ಇತ್ತು, ಬಾಲ್ಕನಿ ಆಮೇಲೆ ಬಂತು ಎಂದರು. ಎಲ್ಲರ ಮಾತಿನಲ್ಲಿಯೂ ಒಂದಿಷ್ಟು ಸತ್ಯವಿತ್ತು. ಆ ಸತ್ಯಗಳ ನಡುವೆ ಹೆಣ ಮರುದಿನದವರೆಗೆ ಶವಾಗಾರದಲ್ಲಿತ್ತು. ಅಲ್ಲಿಯ ಕನ್ನಡ ಬಂಧುಗಳು ಕೈಕೈ ಕೂಡಿಸಿ ಹಣ ಒಟ್ಟುಮಾಡಿ ದೇಹವನ್ನು ತಾಂಡಾಕ್ಕೆ ಕಳಿಸಿಕೊಟ್ಟರು. ವಂತಿಗೆಯ ಲೆಕ್ಕ ಬರೆದವನು ನಾನೇ. ನಾವು ಉದಾರಿಗಳಾಗಿ ನಡೆದುಕೊಂಡೆವೆಂಬ ಸಮಾಧಾನದಲ್ಲಿ ಆ ಪುಸ್ತಕವನ್ನು ಮುಚ್ಚಿದೆ. ಆ ಸಾವಿನಿಂದ ನಾನು ಏನನ್ನೂ ಕಲಿಯಲಿಲ್ಲವೆಂಬುದಕ್ಕೆ ನನ್ನ ಬಚ್ಚಲಿನ ಘಟನೆಯೇ ಸಾಕ್ಷಿ.

11 ಕಿಲೊವೋಲ್ಟಿನ ತಂತಿಗೂ ಕಟ್ಟಡಕ್ಕೂ ಅಡ್ಡಲಾಗಿ ಕನಿಷ್ಠ 1.2 ಮೀಟರ್, ಮೇಲ್ಮುಖವಾಗಿ 3.7 ಮೀಟರ್ ಅಂತರವಿರಬೇಕೆಂದು 1956ರ ಭಾರತೀಯ ವಿದ್ಯುತ್ ನಿಯಮಗಳು ಹೇಳಿದ್ದವು. ಅವುಗಳ ಸ್ಥಾನಕ್ಕೆ ಬಂದ 2010ರ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮಾವಳಿಯೂ ಇದನ್ನೇ ಹೇಳಿತು. 2023ರಲ್ಲಿ ಈ ನಿಯಮಾವಳಿಯೂ ಹೊಸದಾಯಿತು. ಇದು ಗೋಡೆಗೆ ಹೇಳಿದ ಅಂತರವೆಂಬುದನ್ನು ಮರೆಯಬಾರದು. ಗೋಡೆ ಅಲುಗಾಡುವುದಿಲ್ಲ, ಮನುಷ್ಯ ಕೈಯಲ್ಲಿ ಕೊಳವೆ ಹಿಡಿದು ಅಲುಗಾಡುತ್ತಾನೆ. ಅಂಗಡಿಯಿಂದ ಬರುವ ಕಬ್ಬಿಣದ ಸರಳಿನ ಉದ್ದ 40 ಅಡಿ, ಅಂದರೆ 12 ಮೀಟರ್. ಅದನ್ನು ನೆಟ್ಟಗೆ ಎತ್ತಿ ಮಹಡಿಗೆ ಸಾಗಿಸುವಾಗ ಯಾವ ಅಂತರವೂ ಸಾಲದು. 2024ರ ಜನವರಿಯಲ್ಲಿ ಗದಗ ಜಿಲ್ಲೆ ಲಕ್ಷ್ಮೇಶ್ವರ ತಾಲೂಕಿನ ಸೂರಣಗಿಯಲ್ಲಿ ಚಿತ್ರನಟರೊಬ್ಬರ ಹುಟ್ಟುಹಬ್ಬಕ್ಕೆಂದು ರಾತ್ರಿ ಕಟೌಟ್ ನಿಲ್ಲಿಸುತ್ತಿದ್ದ ಮೂವರು ಯುವಕರು ಸತ್ತದ್ದು ಇದೇ ಬಗೆಯಲ್ಲಿ: ಚೌಕಟ್ಟು ಮೇಲಿನ ತಂತಿಗೆ ತಾಗಿತು.

ಇನ್ನೊಂದು ಘಟನೆ ದೂರದ್ದಾದರೂ ನಾಸಿಕದವರು ನೆನಪಿಡಬೇಕಾದದ್ದು. ಉತ್ತರಾಖಂಡದ ಚಮೋಲಿಯಲ್ಲಿ, ಅಲಕನಂದೆಯ ದಡದ ಕೊಳಚೆನೀರು ಶುದ್ಧೀಕರಣ ಘಟಕದಲ್ಲಿ, 2023ರ ಜುಲೈ 19ರಂದು ಕಬ್ಬಿಣದ ಕೈಪಿಡಿ ಕಂಬಿಗೆ ವಿದ್ಯುತ್ ಹರಿದು ಹದಿನಾರು ಮಂದಿ ಸತ್ತರು. ಅವರಲ್ಲಿ ಪೊಲೀಸರೂ ಗೃಹರಕ್ಷಕ ದಳದವರೂ ಇದ್ದರು. ಹಿಂದಿನ ರಾತ್ರಿ ಅಲ್ಲಿಯೇ ಸತ್ತಿದ್ದ ಒಬ್ಬ ನೌಕರನ ಸಾವಿನ ಸಂಬಂಧವಾಗಿ ಜನ ಸೇರಿದ್ದರು. ಮೊದಲ ಸಾವು ಎಚ್ಚರಿಸಿತ್ತು. ತಂತಿಯನ್ನು ಪೂರ್ಣವಾಗಿ ಪರೀಕ್ಷಿಸುವ ಮುನ್ನವೇ ಅದರಲ್ಲಿ ಮತ್ತೆ ವಿದ್ಯುತ್ ಹರಿಯಿತು. ನಮ್ಮ ನಾಸಿಕ, ತ್ರ್ಯಂಬಕೇಶ್ವರಗಳಲ್ಲಿ 2027ರ ಸಿಂಹಸ್ಥ ಕುಂಭಮೇಳದ ಹೆಸರಿನಲ್ಲಿ ರಸ್ತೆ, ಘಾಟು, ಶುದ್ಧೀಕರಣ ಘಟಕಗಳ ಕಾಮಗಾರಿಗೆ ಅವಸರ ಹೆಚ್ಚಿದೆ. ದೊಡ್ಡ ಕಾಮಗಾರಿಗಳ ಬೆನ್ನಿಗೆ ವಸತಿಗೃಹ, ಅಂಗಡಿ, ಮನೆಗಳ ಸಣ್ಣ ದುರಸ್ತಿಗಳೂ ನಡೆಯುತ್ತವೆ. ನೀರು, ಕಬ್ಬಿಣ, ಅವಸರ ಈ ಮೂರೂ ಕೂಡಿದ ಕಡೆ ಎಚ್ಚರ ಇಮ್ಮಡಿಯಾಗಬೇಕು.

ಕಾನೂನಿಲ್ಲವೇ ಎಂದು ಕೇಳಬಹುದು. ಇದೆ. 1996ರಲ್ಲಿ ಸಂಸತ್ತು ಕಟ್ಟಡ ಕಾರ್ಮಿಕರಿಗಾಗಿಯೇ ಕಾಯಿದೆ ಮಾಡಿತು. ಅದರ ಕೇಂದ್ರ ನಿಯಮಗಳು 1998ರಲ್ಲಿ ಬಂದವು. ನಿರ್ಮಾಣ ವೆಚ್ಚದ ಮೇಲೆ ಶೇಕಡಾ ಒಂದರಂತೆ ಸುಂಕ ವಸೂಲಾಗಿ ರಾಜ್ಯಗಳ ಕಲ್ಯಾಣ ಮಂಡಳಿಗಳಿಗೆ ಸೇರತೊಡಗಿತು. ಈ ಕಾಯಿದೆಯ ಜಾಗಕ್ಕೆ ಈಗ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ. ಸರ್ಕಾರಿ ಸೇವೆಯಲ್ಲಿರುವ ನಾನು ಕಾನೂನನ್ನು ಟೀಕಿಸಲು ಕುಳಿತಿಲ್ಲ. ಅದು ಎಲ್ಲಿ ನಿಲ್ಲುತ್ತದೆಂಬುದನ್ನು ಮಾತ್ರ ತೋರಿಸಬಯಸುತ್ತೇನೆ. ಹಳೆಯ ಕಾಯಿದೆ ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆಗೆ ಅನ್ವಯಿಸುತ್ತಿತ್ತು. ತನ್ನ ವಾಸಕ್ಕೆಂದು 10 ಲಕ್ಷ ರೂಪಾಯಿಯೊಳಗೆ ಮನೆಗೆಲಸ ಮಾಡಿಸುವವನನ್ನು ಅದು ಹೊರಗಿಟ್ಟಿತ್ತು. ಹೊಸ ಸಂಹಿತೆಯೂ ಹತ್ತರ ಗೆರೆಯನ್ನು ಉಳಿಸಿಕೊಂಡಿದೆ. ಸ್ವಂತ ಮನೆಯ ಮಿತಿಯನ್ನು 50 ಲಕ್ಷಕ್ಕೆ ಏರಿಸಿದೆ. ನಮ್ಮಂಥವರ ಫ್ಲ್ಯಾಟು ದುರಸ್ತಿ, ಮೇಲ್ಮಹಡಿ, ಅಂಗಡಿಯ ಮುಂಭಾಗ ಇವೆಲ್ಲ ಮೂರೋ ನಾಲ್ಕೋ ಜನ ಮಾಡುವ, ಕೆಲವು ಲಕ್ಷದ ಕೆಲಸಗಳು. ಸುರಕ್ಷತೆಯ ಅಧಿಕಾರಿ ಅಲ್ಲಿಗೆ ಬರುವುದಿಲ್ಲ, ತಪಾಸಣೆಯ ಪುಸ್ತಕ ಅಲ್ಲಿರುವುದಿಲ್ಲ. ಆ ಸಂಹಿತೆ ನಿಂತುಹೋಗುವ ಗೆರೆ ನಮ್ಮ ಮನೆಯ ಹೊಸ್ತಿಲು. ಹೊಸ್ತಿಲಿನೊಳಗೆ ಸುರಕ್ಷತೆಯ ಅಧಿಕಾರಿ ನಾವೇ.

ಎಲ್ಲ ಕಾನೂನೂ ಅಲ್ಲಿ ನಿಲ್ಲುತ್ತದೆಂದಲ್ಲ. ವಿದ್ಯುತ್ ಅಪಘಾತದಲ್ಲಿ ಜೀವಹಾನಿಯಾದರೆ ತಿಳಿಸಬೇಕೆಂದು 2003ರ ವಿದ್ಯುತ್ ಕಾಯಿದೆಯ 161ನೆಯ ಕಲಮು ಹೇಳುತ್ತದೆ. ಅಲಕ್ಷ್ಯದಿಂದ ಸಾವಿಗೆ ಕಾರಣರಾದವರಿಗೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಲ್ಲಿ ಶಿಕ್ಷೆಯಿದೆ. ಆದರೆ ಇವೆರಡೂ ಸಾವಿನ ಅನಂತರ ಬಾಗಿಲು ತಟ್ಟುವ ಕಾನೂನುಗಳು. ನಮ್ಮ ಮಾತು ಅದಕ್ಕೆ ಮೊದಲಿನದು.

ಈ ವಿಷಯ ಎತ್ತಿದಾಗ ಸ್ನೇಹಿತರಿಂದ ಸಾಮಾನ್ಯವಾಗಿ ಮೂರು ಆಕ್ಷೇಪಗಳನ್ನು ಕೇಳಿದ್ದೇನೆ. ಮೊದಲನೆಯದು, ಇದು ಗುತ್ತಿಗೆದಾರನ ಕೆಲಸ ಎಂಬುದು. ನಿಜ, ಆದರೆ ವಿದ್ಯುತ್ತು ನಮ್ಮ ಮೀಟರಿನದು, ಸಾಕೆಟ್ಟು ನಮ್ಮ ಗೋಡೆಯದು, ಬೈಪಾಸಿಗೆ ಒಪ್ಪಿಗೆ ಕೊಟ್ಟ ಬಾಯಿ ನಮ್ಮದು. ಎರಡನೆಯದು, ಕೆಲಸಗಾರರೇ ಅಜಾಗರೂಕರು, ಹೇಳಿದರೂ ಕೇಳುವುದಿಲ್ಲ ಎಂಬುದು. ಇದರಲ್ಲಿಯೂ ಹುರುಳಿದೆ. ಗವಂಡಿ ಬೂಟು ಹಾಕುವುದಿಲ್ಲ, ಪ್ಲಗ್ ಕಟ್ಟುವುದಕ್ಕಿಂತ ಕಡ್ಡಿ ಸಿಕ್ಕಿಸುವುದು ಅವನಿಗೆ ಸುಲಭ. ಆದರೆ ಒಂದು ದಿನದ ಕೆಲಸ ನಿಂತರೆ ಆ ದಿನದ ಹಾಜರಿ ಹೋಗುವವನಿಂದ ಎಚ್ಚರವನ್ನು ನಿರೀಕ್ಷಿಸುವ ಮೊದಲು, ಎಚ್ಚರಕ್ಕಾಗಿ ನಿಂತ ಗಂಟೆಗೂ ಕೂಲಿಯುಂಟೆಂದು ಅವನಿಗೆ ಹೇಳಬೇಕು. ಹುಡುಗ ಆಸ್ಪತ್ರೆಯಲ್ಲಿ ಕೇಳಿದ ಪ್ರಶ್ನೆಯಲ್ಲಿ ಈ ಅಜಾಗರೂಕತೆಯ ಕಾರಣವೂ ಇದೆ. ಮೂರನೆಯದು ಖರ್ಚು. ಒಳ್ಳೆಯ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ.ಗೆ ಕೆಲವು ಸಾವಿರ ರೂಪಾಯಿ ಬೀಳುತ್ತದೆ. ನಾವು ಹಾಕಿಸುವ ಟೈಲ್ಸಿನ ಒಂದೆರಡು ಪೆಟ್ಟಿಗೆಯ ಬೆಲೆ. ಅದೇನೂ ಪವಾಡದ ಡಬ್ಬಿಯಲ್ಲ. ಲೈನ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದವನನ್ನು ಅದು ಉಳಿಸಲಾರದು, ಮೇಲಿನ 11 ಕಿಲೊವೋಲ್ಟಿನ ತಂತಿಯ ಮುಂದೆ ಅದರ ಆಟ ನಡೆಯದು. ಆದರೂ ನನ್ನ ಬಚ್ಚಲಿನಲ್ಲಿ ಅದು ಸಾಕಾಗುತ್ತಿತ್ತು.

ಹಾಗಾದರೆ ಮಾಡಬೇಕಾದದ್ದೇನು? ಮನೆಯಲ್ಲಿ ಕೆಲಸ ಆರಂಭಿಸುವ ಮುನ್ನ ಆ ಸಾಧನದ ‘ಟೆಸ್ಟ್’ ಗುಂಡಿಯನ್ನು ಒತ್ತಿ ನೋಡಬೇಕು, ಬೀಳದಿದ್ದರೆ ಬದಲಿಸಬೇಕು, ಪದೇ ಪದೇ ಬಿದ್ದರೆ ಅದನ್ನು ಬೈಯದೆ ಸೋರುವ ಯಂತ್ರವನ್ನು ಹುಡುಕಬೇಕು. ಪ್ಲಗ್ ಇಲ್ಲದ, ಟೇಪು ಸುತ್ತಿದ ತಂತಿಯ ಯಂತ್ರವನ್ನು ಮನೆಯೊಳಕ್ಕೆ ಬಿಡಬಾರದು. ಎಕ್ಸ್‌ಟೆನ್ಷನ್ ತಂತಿ ನೀರಿನಲ್ಲಿ ಬೀಳದಂತೆ ಎತ್ತರಕ್ಕೆ ಕಟ್ಟಬೇಕು. ಗೋಡೆ ಕೊರೆಯುವಾಗ ಆ ಭಾಗದ ಸರಬರಾಜನ್ನು ನಿಲ್ಲಿಸಿ, ಟೆಸ್ಟರಿನಿಂದ ಖಚಿತಪಡಿಸಿಕೊಂಡು, ಸ್ವಿಚ್ಚಿನ ಮೇಲೆ ಕನ್ನಡ, ಮರಾಠಿ, ಹಿಂದಿಗಳಲ್ಲಿ ಚೀಟಿ ಅಂಟಿಸಬೇಕು. ಹಳೆಯ ಬಗೆಯ ಫ್ಯೂಸಾಗಿದ್ದರೆ ಅದನ್ನು ಕಿತ್ತು ಕೆಲಸ ಮಾಡುವವನ ಜೇಬಿನಲ್ಲಿಡಬೇಕು. ಬಾಲ್ಕನಿಯ ಬಳಿ ತಂತಿ ಹಾಯ್ದಿದ್ದರೆ ಮಹಾವಿತರಣದ 1912 ಸಂಖ್ಯೆಗೆ ಕರೆ ಮಾಡಿ, ಸರಬರಾಜು ನಿಲ್ಲಿಸುವ ಅಥವಾ ತಂತಿ ಸರಿಸುವ ವ್ಯವಸ್ಥೆಯಾಗುವವರೆಗೆ ಆ ಬದಿಯ ಕೆಲಸವನ್ನೇ ಹಿಡಿಯಬಾರದು.

ಅವಘಡ ಸಂಭವಿಸಿಯೇಬಿಟ್ಟರೆ ಮೊದಲು ಮೇನ್ ಸ್ವಿಚ್. ಅದಕ್ಕೆ ಮೊದಲು ಮನುಷ್ಯನನ್ನು ಮುಟ್ಟಬಾರದು. ಸ್ವಿಚ್ ದೂರವಿದ್ದರೆ ಒಣಗಿದ ಕಟ್ಟಿಗೆಯಿಂದ ಬಿಡಿಸಬೇಕು. ಆದರೆ ಬೀದಿಯ ಹೆಚ್ಚು ಒತ್ತಡದ ತಂತಿಯಾಗಿದ್ದರೆ ಅದು ನಿಂತಿದೆಯೆಂದು ವಿದ್ಯುತ್ ಕಚೇರಿ ಹೇಳುವವರೆಗೆ ಹತ್ತಿರವೂ ಹೋಗಬಾರದು. ಉಸಿರಿಲ್ಲದಿದ್ದರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ ಸುಮಾರು ಎರಡು ಅಂಗುಲ ಆಳಕ್ಕೆ, ನೆರವು ಬರುವವರೆಗೆ ಒತ್ತುತ್ತಿರಬೇಕು. ಇಷ್ಟು ಗೊತ್ತಿದ್ದರೆ ನಾನು ಅಂದು ಬಾಗಿಲಲ್ಲಿ ಕಲ್ಲಿನಂತೆ ನಿಲ್ಲುತ್ತಿರಲಿಲ್ಲ.

ಇನ್ನು ಸಂಘದ ಪಾಲು. ದೊಡ್ಡ ಕಾಮಗಾರಿಗಳ ದ್ವಾರದಲ್ಲಿ ಎಚ್ಚರಿಕೆಯ ಫಲಕಗಳಿರುತ್ತವೆ, ಮರಾಠಿ, ಹಿಂದಿ, ಇಂಗ್ಲಿಷುಗಳಲ್ಲಿ. ಯಾದಗಿರಿಯ ಹುಡುಗನಿಗೆ ಅವು ಚಿತ್ರಗಳಿದ್ದಂತೆ. ಗಡಿಯಲ್ಲಿ ಕನ್ನಡ ಫಲಕಕ್ಕಾಗಿ ಗಂಟಲು ಹರಿದುಕೊಂಡ ನಾವು, ಒಂದು ಜೀವ ಉಳಿಸಬಲ್ಲ ಕನ್ನಡ ಫಲಕವನ್ನು ಬರೆಯುವ ಗೋಜಿಗೆ ಹೋಗಿಲ್ಲ. ಮೇಲೆ ಹೇಳಿದ ಸೂಚನೆಗಳನ್ನು ದೊಡ್ಡ ಅಕ್ಷರದ, ಚಿತ್ರಸಹಿತವಾದ ಒಂದು ಪುಟದ ಕನ್ನಡ ಕರಪತ್ರವಾಗಿ ಅಚ್ಚು ಹಾಕಿಸಿ, ನಾಕಾಗಳಲ್ಲಿ ಹಂಚಬೇಕೆಂದು ಕಾರ್ಯಕಾರಿ ಸಮಿತಿಯ ಮುಂದೆ ನನ್ನ ಸೂಚನೆಯನ್ನಿಟ್ಟಿದ್ದೇನೆ. ಓದು ಬಾರದವರಿಗೆ ಬಾಯಿಮಾತಿನಲ್ಲಿ ಹೇಳಲು ನಮ್ಮಲ್ಲಿ ನಿವೃತ್ತ ಇಂಜಿನಿಯರುಗಳಿಗೆ ಕೊರತೆಯಿಲ್ಲ. ಅವರ ಒಂದು ಭಾನುವಾರದ ಬೆಳಗು ಸಾಕು.

ಎರಡನೆಯದು ನೋಂದಣಿ. ಮಹಾರಾಷ್ಟ್ರದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ, ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ 18ರಿಂದ 60 ವಯಸ್ಸಿನೊಳಗಿನ ಕಾರ್ಮಿಕ ನೋಂದಾಯಿಸಿಕೊಳ್ಳಬಹುದು. ನೋಂದಾಯಿತನಾದವನು ಕೆಲಸದ ಮೇಲಿರುವಾಗ ಸತ್ತರೆ ವಾರಸುದಾರರಿಗೆ 5 ಲಕ್ಷ ರೂಪಾಯಿ ನೆರವಿನ ಯೋಜನೆ ಅಲ್ಲಿದೆ. ತೊಡಕಿರುವುದು 90 ದಿನದ ಪ್ರಮಾಣಪತ್ರದಲ್ಲಿ, ಮರಾಠಿ ಅರ್ಜಿಯಲ್ಲಿ, ಊರೂರು ಅಲೆಯುವವನ ವಿಳಾಸದಲ್ಲಿ. ಅರ್ಜಿ ತುಂಬುವುದು, ಕಡತ ಬೆನ್ನುಹತ್ತುವುದು ಸರ್ಕಾರಿ ನೌಕರರಾದ ನಮಗೆ ಗೊತ್ತಿರುವ ಏಕೈಕ ವಿದ್ಯೆ. ಅದನ್ನಾದರೂ ಇವರಿಗಾಗಿ ಬಳಸೋಣ. ಸಾವಿನ ಅನಂತರ ವಂತಿಗೆ ಎತ್ತಿ ತೋರುವ ಔದಾರ್ಯಕ್ಕಿಂತ ಸಾವಿನ ಮುನ್ನ ತುಂಬಿದ ಒಂದು ಅರ್ಜಿ ಹೆಚ್ಚು ಬಾಳುತ್ತದೆ.

ಮೂರನೆಯದು ನಮ್ಮದೇ ಸಭಾಗೃಹ. ಅದರ ದುರಸ್ತಿಯ ಪ್ರಸ್ತಾಪ ವರ್ಷದಿಂದ ಚರ್ಚೆಯಲ್ಲಿದೆ. ವೇದಿಕೆಯ ಪರದೆ, ಕುರ್ಚಿಗಳ ಬಣ್ಣದ ಬಗ್ಗೆ ಮೂರು ಸಭೆಗಳಲ್ಲಿ ಮಾತಾಡಿದ್ದೇವೆ. ಕೆಲಸಗಾರರು ಯಾವ ತಂತಿಯಿಂದ ವಿದ್ಯುತ್ ಪಡೆಯುವರೆಂಬುದು ನಡವಳಿಯಲ್ಲಿ ಒಮ್ಮೆಯೂ ಬಂದಿಲ್ಲ. ಗುತ್ತಿಗೆಯ ಕರಾರಿನಲ್ಲಿ ಸೋರಿಕೆ ತಡೆ ಸಾಧನ, ಸರಿಯಾದ ಪ್ಲಗ್ಗು, ಪರವಾನಗಿಯುಳ್ಳ ವೈರ್‌ಮನ್, ಕೆಲಸ ನಿಂತ ವೇಳೆಗೂ ಕೂಲಿ ಇವು ಷರತ್ತುಗಳಾಗಿ ಸೇರದ ಹೊರತು ಖಜಾಂಚಿಗಳು ಮುಂಗಡ ಹಣಕ್ಕೆ ಸಹಿ ಹಾಕಬಾರದೆಂದು ವಿನಂತಿಸುತ್ತೇನೆ. ಇದು ನನ್ನ ವೈಯಕ್ತಿಕ ಅಭಿಪ್ರಾಯ. ಸದಸ್ಯರು ಭಿನ್ನಮತ ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುತ್ತೇನೆ.

ಹುಡುಗನ ಅಂಗೈ ಮಾಗಿದೆ. ಕೆಲಸ ಮುಗಿಸಿ ಊರಿಗೆ ಹೊರಡುವ ದಿನ ಭಾವನೊಡನೆ ಮನೆಗೆ ಬಂದಿದ್ದ. ಆಸ್ಪತ್ರೆಯ ಬಿಲ್ಲು ಕಟ್ಟಿದ್ದಕ್ಕೆ, ನಿಂತ ದಿನಗಳ ಕೂಲಿ ಕೊಟ್ಟದ್ದಕ್ಕೆ ನನಗೆ ಕೈಮುಗಿದ. ನನ್ನಿಂದಲೇ ಅವನಿಗೆ ಹಾಗಾಯಿತೆಂದು ಅವನಿಗೆ ಗೊತ್ತಿರಲಿಲ್ಲ; ಹೇಳುವ ಧೈರ್ಯ ಅಂದು ನನಗೆ ಬರಲಿಲ್ಲ. ಈ ಪುಟದಲ್ಲಿ ಹೇಳಿದ್ದೇನೆ. ಬಂಧುಗಳು ಇದನ್ನು ಓದಿ ಮುಗಿಸಿದ ಮೇಲೆ ಎದ್ದು ಹೋಗಿ, ಮೇನ್ ಸ್ವಿಚ್ಚಿನ ಪಕ್ಕದ ಆ ಡಬ್ಬಿಯ ಗುಂಡಿಯನ್ನು ಒಮ್ಮೆ ಒತ್ತಿ ನೋಡಬೇಕೆಂದು ಕೋರುತ್ತೇನೆ.